ಪ್ರತಿವಿಷವಿಲ್ಲದ ಪುಟ್ಟ ಮಂಡಲ: ಮಲೆನಾಡಿನ ತೋಟಗಳಲ್ಲಿ ತಪ್ಪುವ ಗುರುತು, ತಪ್ಪುವ ಚಿಕಿತ್ಸೆ

ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಮರುತಿಂಗಳೇ ಕೇಂದ್ರ ಸರ್ಕಾರ ಹಾವು ಕಡಿತಕ್ಕೆಂದೇ ರಾಷ್ಟ್ರೀಯ ಕ್ರಿಯಾಯೋಜನೆ ಹೊರತಂದು, 2030ರೊಳಗೆ ಸಾವಿನ ಸಂಖ್ಯೆಯನ್ನು ಅರ್ಧಕ್ಕೆ ಇಳಿಸುವ ಗುರಿ ಹಾಕಿಕೊಂಡಿತು. 2000ದಿಂದ 2019ರವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ, ಹಾವು ಕಚ್ಚಿ ಸತ್ತಿದ್ದಾರೆಂಬ ಅಂದಾಜು 2020ರಲ್ಲಿ ಪ್ರಕಟವಾಗಿತ್ತು. ಆ ಲೆಕ್ಕದ ಮುಂದೆ ಈ ಎರಡೂ ಹೆಜ್ಜೆಗಳು ತಡವಾಗಿ ಬಂದವು ಅನ್ನಬಹುದು. ಆದರೂ ಬಂದವು, ಅದು ಒಳ್ಳೆಯದೇ.

ತೊಂದರೆ ಬೇರೆ ಕಡೆ ಇದೆ. ನಮ್ಮ ಇಡೀ ಚಿಕಿತ್ಸಾ ವ್ಯವಸ್ಥೆ ನಿಂತಿರುವುದು ನಾಲ್ಕು ಹಾವುಗಳ ಮೇಲೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಆಸ್ಪತ್ರೆಯ ಫ್ರಿಜ್‌ನಲ್ಲಿರುವ ಎಎಸ್‌ವಿ, ಅಂದರೆ ಪ್ರತಿವಿಷದ ವಯಲ್, ಈ ನಾಲ್ಕರ ವಿಷಕ್ಕೆ ಮಾತ್ರ ತಯಾರಾದದ್ದು. ಪಶ್ಚಿಮಘಟ್ಟದ ಕಾಫಿ, ಏಲಕ್ಕಿ, ಅಡಿಕೆ, ರಬ್ಬರ್ ತೋಟಗಳಲ್ಲಿ ಐದನೆಯ ಹಾವೊಂದಿದೆ. ಡುಬ್ಬುಮೂಗಿನ ಗುಳಿಮಂಡಲ. ಒಂದು ಅಡಿಯಿಂದ ಒಂದೂವರೆ ಅಡಿ ಉದ್ದ, ಹೆಬ್ಬೆರಳಿನಷ್ಟು ದಪ್ಪ. ಇದು ಕಚ್ಚಿದರೆ ಆ ವಯಲ್‌ಗಳಿಂದ ಪ್ರಯೋಜನವಿಲ್ಲ. ಔಷಧಿಯೇ ಇಲ್ಲದ ಕಡೆ ರೋಗಿಯನ್ನು ಕಾಪಾಡುವುದು ಮೂರು ಸಂಗತಿ: ಹಾವಿನ ಸರಿಯಾದ ಗುರುತು, ಮೂತ್ರಪಿಂಡದ ಮೇಲೆ ಕಣ್ಣು, ಕೆಲಸ ಮಾಡದ ಔಷಧಿಯನ್ನು ಸುಮ್ಮನೆ ಸುರಿಯದ ವಿವೇಕ. ಮೂರರಲ್ಲೂ ನಾವು ಹಿಂದಿದ್ದೇವೆ.

ಜರ್ಮನ್ ಪ್ರಾಣಿಶಾಸ್ತ್ರಜ್ಞ ಬ್ಲಾಸಿಯಸ್ ಮೆರ್ರೆಮ್ 1820ರಲ್ಲಿ ಈ ಹಾವನ್ನು ವಿವರಿಸಿದ. ವೈಜ್ಞಾನಿಕ ಹೆಸರು ಹಿಪ್ನೇಲ್ ಹಿಪ್ನೇಲ್. ಈ ಕುಲದಲ್ಲಿ ಮೂರು ಪ್ರಭೇದಗಳಿದ್ದು, ಎರಡು ಶ್ರೀಲಂಕಾ ಬಿಟ್ಟು ಬೇರೆಲ್ಲೂ ಇಲ್ಲ. ಇದೊಂದು ಮಾತ್ರ ಶ್ರೀಲಂಕಾದಲ್ಲೂ ಇದೆ, ಬೆಳಗಾವಿ ಸೀಮೆಯಿಂದ ದಕ್ಷಿಣಕ್ಕೆ ಪಶ್ಚಿಮಘಟ್ಟದ ಉದ್ದಕ್ಕೂ ಇದೆ.

ಇದರ ಬದುಕೆಲ್ಲ ದರಗಿನಲ್ಲಿ, ಅಂದರೆ ನೆಲಕ್ಕೆ ಉದುರಿದ ಎಲೆಗಳ ಹಾಸಿನಲ್ಲಿ. ನೆರಳು, ತೇವ, ಕೊಳೆಯುತ್ತಿರುವ ಎಲೆ, ಅದರಡಿಯಲ್ಲಿ ಓಡಾಡುವ ಅರಣೆ, ಸಣ್ಣ ಕಪ್ಪೆ, ಹಲ್ಲಿ, ಇಲಿಮರಿ ಇಷ್ಟಿದ್ದರೆ ಸಾಕು. ನಿತ್ಯಹರಿದ್ವರ್ಣ ಕಾಡಿನ ನೆಲದಲ್ಲಿ ಇದೆಲ್ಲ ಇರುತ್ತದೆ. ನೆರಳುಮರದ ಕಾಫಿ ತೋಟದಲ್ಲೂ ಇರುತ್ತದೆ. ಹಾಗಾಗಿ ಕಾಡು ಕಡಿದು ತೋಟ ಮಾಡಿದಾಗ ಬಹಳಷ್ಟು ಜೀವಿಗಳು ಜಾಗ ಖಾಲಿ ಮಾಡಿದರೂ ಇದು ಉಳಿದುಕೊಂಡಿತು. ಹಗಲಿಡೀ ಎಲೆಗಳ ಮೇಲೋ ಬೇರಿನ ಸಂದಿಯಲ್ಲೋ ಚಪ್ಪಟೆಯಾಗಿ ಸುರುಳಿ ಸುತ್ತಿ, ಮೂತಿಯನ್ನು ಓರೆಯಾಗಿ ಮೇಲೆತ್ತಿ ಕೂರುತ್ತದೆ. ಮೈಬಣ್ಣ ಒಣಗಿದ ಎಲೆಯದ್ದೇ: ಬೂದು ಮಿಶ್ರಿತ ಕಂದು, ಎರಡೂ ಪಕ್ಕೆಗಳಲ್ಲಿ ಸಾಲಾಗಿ ಗಾಢ ಮಚ್ಚೆಗಳು. ಒಂದು ಮಾರು ದೂರದಿಂದ ನೋಡಿದರೂ ಹಾವೆಂದು ಗೊತ್ತಾಗುವುದಿಲ್ಲ. ಹೆಜ್ಜೆ ಸದ್ದಿಗೆ ಓಡಿಹೋಗುವ ಜಾತಿಯೂ ಅಲ್ಲ. ಕದಲದೆ ಕೂರುವುದೇ ಇದರ ರಕ್ಷಣೆ. ತುಂಬ ಹತ್ತಿರ ಹೋದರೆ ಬಾಲದ ತುದಿ ಅದುರಿಸುತ್ತದೆ, ಆಮೇಲೆ ಕಚ್ಚುತ್ತದೆ.

ಬೇಟೆಯ ರೀತಿ ಸೊಗಸಾದದ್ದು. ಮರಿಗಳ ಬಾಲದ ತುದಿ ತಿಳಿ ಬಣ್ಣದ್ದು. ಮೈಯನ್ನೆಲ್ಲ ಅಲುಗದಂತೆ ಇಟ್ಟುಕೊಂಡು ಆ ತುದಿಯೊಂದನ್ನೇ ಹುಳುವಿನ ಹಾಗೆ ಹೊರಳಿಸುತ್ತವೆ. ತಿನ್ನಲೆಂದು ಬಂದ ಕಪ್ಪೆಯೋ ಅರಣೆಯೋ ಬಾಯಿಗೆ ಬೀಳುತ್ತದೆ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದೊಂದು ಗುಳಿ ಇದ್ದು, ಬಿಸಿರಕ್ತದ ಪ್ರಾಣಿಯ ಮೈಶಾಖವನ್ನು ಕತ್ತಲಲ್ಲೂ ಗ್ರಹಿಸಬಲ್ಲದು. ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತದೆ. ಒಂದು ಸಲಕ್ಕೆ 4ರಿಂದ 17 ಮರಿಗಳು, ಒಂದೊಂದೂ ಸುಮಾರು 13ರಿಂದ 14 ಸೆಂಟಿಮೀಟರ್. ಹುಟ್ಟಿದಾಗಲೇ ವಿಷವಿರುತ್ತದೆ.

ಗುರುತು ತಪ್ಪುವುದು ಎಲ್ಲಿ

ಕಚ್ಚಿಸಿಕೊಂಡವರು ಹೇಳುವುದು ಸಾಮಾನ್ಯವಾಗಿ ಇಷ್ಟೇ: ಸಣ್ಣ ಹಾವು, ಕಂದು ಬಣ್ಣ, ಮಂಡಲದ ಜಾತಿ. ಪಠ್ಯದಲ್ಲಿ ನಾಲ್ಕೇ ಹಾವು ಓದಿದ ವೈದ್ಯರಿಗೆ ಸಣ್ಣ ಕಂದು ಮಂಡಲ ಎಂದರೆ ಗರಗಸ ಮಂಡಲ. 2007ರಲ್ಲಿ ಕೇರಳದ ವೈದ್ಯರ ತಂಡವೊಂದು, ಗುಳಿಮಂಡಲ ಕಚ್ಚಿ ಜೀವಕ್ಕೇ ಅಪಾಯವಾದ ಪ್ರಕರಣಗಳನ್ನು ಭಾರತದಲ್ಲಿ ಮೊದಲ ಬಾರಿಗೆ ಹಾವಿನ ಖಚಿತ ಗುರುತಿನೊಂದಿಗೆ ವರದಿ ಮಾಡಿತು. ಇದನ್ನು ಗರಗಸ ಮಂಡಲವೆಂದು ತಪ್ಪಾಗಿ ಗುರುತಿಸಿ ಎಎಸ್‌ವಿ ಕೊಡುತ್ತಿರುವುದು, ಅದರಿಂದ ಉಪಯೋಗವಾಗದಿರುವುದು ಆಗಲೇ ಬೆಳಕಿಗೆ ಬಂದಿತ್ತು. ಅಲ್ಲಿಯವರೆಗೆ ಇದರ ಕಡಿತವೆಂದರೆ ಒಂದೆರಡು ದಿನದ ಊತ, ಅಷ್ಟೇ ಎಂಬ ನಂಬಿಕೆ ಗಟ್ಟಿಯಾಗಿತ್ತು.

ಎರಡನ್ನೂ ಬೇರ್ಪಡಿಸಲು ಮೊದಲು ಜಾಗ ನೋಡಬೇಕು. ಗರಗಸ ಮಂಡಲ ಒಣ ನೆಲದ ಹಾವು: ಬಯಲುಸೀಮೆಯ ಕಲ್ಲುಗುಡ್ಡೆ, ಕುರುಚಲು, ಮರಳುನೆಲ, ಬಿಸಿಲು ಬೀಳುವ ಮುರಕಲ್ಲಿನ ಹಾಸು. ವರ್ಷಕ್ಕೆ ನೂರಿಂಚು ಮಳೆ ಸುರಿಯುವ ಕಾಫಿ ತೋಟದ ನೆರಳಲ್ಲಿ, ಉಂಬಳ ಹತ್ತುವ ದರಗಿನಲ್ಲಿ ಅದು ಸಿಗುವ ಸಂಭವ ತೀರಾ ಕಡಿಮೆ. ಆಮೇಲೆ ತಲೆ. ಗರಗಸ ಮಂಡಲದ ನೆತ್ತಿಯ ಮೇಲೆಲ್ಲ ಸಣ್ಣ ಸಣ್ಣ ಹುರುಪೆ, ಮಧ್ಯೆ ಹಕ್ಕಿಯ ಹೆಜ್ಜೆಯಂಥ ಬಿಳಿಚು ಗುರುತು, ಮೂತಿ ಮೊಂಡು, ಗುಳಿ ಇಲ್ಲ. ಗುಳಿಮಂಡಲದ ನೆತ್ತಿಯ ಹಿಂಭಾಗದಲ್ಲಿ ದೊಡ್ಡ ದೊಡ್ಡ ಫಲಕದಂಥ ಹುರುಪೆಗಳು, ಮುಂಭಾಗದಲ್ಲಿ ಸಣ್ಣವು, ಮೂತಿಯ ತುದಿ ಮೇಲಕ್ಕೆ ಚೂಪಾಗಿ ಎದ್ದಿರುತ್ತದೆ. ಸದ್ದಿನಲ್ಲೂ ವ್ಯತ್ಯಾಸವುಂಟು. ಗರಗಸ ಮಂಡಲ ಕೆರಳಿದಾಗ ಮೈಸುರುಳಿಗಳನ್ನು ಒಂದಕ್ಕೊಂದು ಉಜ್ಜಿ ಸರಸರ ಸದ್ದು ಮಾಡುತ್ತದೆ. ಇದು ಹಾಗೆ ಮಾಡುವುದಿಲ್ಲ.

ಇದಕ್ಕಿಂತ ಅಪಾಯದ ತಪ್ಪೊಂದಿದೆ. ತೋಟಗಳಲ್ಲಿ ಕೊಳಕುಮಂಡಲವೂ ಧಾರಾಳವಾಗಿದೆ. ಅದರ ಮರಿ ಹುಟ್ಟಿದಾಗಲೇ 25 ಸೆಂಟಿಮೀಟರ್ ಆಸುಪಾಸು ಇರುವುದರಿಂದ ಉದ್ದದಲ್ಲಿ ಗುಳಿಮಂಡಲಕ್ಕೆ ಸಮ. ‘ಸಣ್ಣದು, ಗುಳಿಮಂಡಲವೇ ಇರಬೇಕು, ಔಷಧಿ ಬೇಡ’ ಎಂದು ಕೈಬಿಟ್ಟರೆ, ಎಎಸ್‌ವಿ ಕೊಟ್ಟು ಉಳಿಸಬಹುದಾಗಿದ್ದ ಜೀವ ಹೋಗುತ್ತದೆ. ಕೊಳಕುಮಂಡಲದ ಮರಿಗೆ ಬೆನ್ನುದ್ದಕ್ಕೂ ಸರಪಳಿಯಂತೆ ಮೂರು ಸಾಲು ದುಂಡು ಮಚ್ಚೆ, ಅಂಚಿಗೆ ಕಪ್ಪು ಗೆರೆ. ಮೂಗಿನ ಹೊಳ್ಳೆ ದೊಡ್ಡದು. ಮೂತಿ ಮೇಲಕ್ಕೆ ಚೂಪಾಗಿ ಎದ್ದಿರುವುದಿಲ್ಲ. ಗುರುತಿನ ಬಗ್ಗೆ ಎಳ್ಳಷ್ಟು ಅನುಮಾನವಿದ್ದು, ರಕ್ತ ಹೆಪ್ಪುಗಟ್ಟುತ್ತಿಲ್ಲವೆಂದಾದರೆ ಕೊಳಕುಮಂಡಲವೆಂದೇ ತಿಳಿದು ಎಎಸ್‌ವಿ ಕೊಡಬೇಕು. ಗುಳಿಮಂಡಲವೆಂದು ಬಲ್ಲವರು ಹಾವನ್ನೋ ಸ್ಪಷ್ಟ ಫೋಟೊವನ್ನೋ ನೋಡಿ ಖಚಿತಪಡಿಸಿದಾಗ ಮಾತ್ರ ಅದನ್ನು ಕೈಬಿಡುವ ಮಾತು. ಇದರಲ್ಲಿ ರಾಜಿ ಇಲ್ಲ.

ಫೋಟೊ ಎಂದದ್ದು ಸುಮ್ಮನಲ್ಲ. ಹಾವನ್ನು ಹೊಡೆದು ಕವರಿನಲ್ಲಿ ತುಂಬಿ ಆಸ್ಪತ್ರೆಗೆ ತರುವ ರೂಢಿ ಇನ್ನೂ ಇದೆ. ಹೊಡೆಯುವಾಗ ಎರಡನೆಯವನೂ ಕಚ್ಚಿಸಿಕೊಳ್ಳುತ್ತಾನೆ, ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು, ಜಜ್ಜಿದ ತಲೆಯಿಂದ ಹುರುಪೆ ಗುರುತಿಸಲಾಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಎರಡು ಮೀಟರ್ ದೂರ ನಿಂತು ಮೊಬೈಲಿನಲ್ಲಿ ಝೂಮ್ ಮಾಡಿ ತಲೆಯ ಒಂದು, ಬೆನ್ನಿನ ಒಂದು ಚಿತ್ರ ತೆಗೆದರೆ ಸಾಕು. ಹಾವು ಕಾಣದಿದ್ದರೆ ಹುಡುಕುತ್ತಾ ಹೊತ್ತು ಕಳೆಯಬಾರದು.

ಕಚ್ಚಿದ ಮೇಲೆ ದೇಹದಲ್ಲಿ ಏನಾಗುತ್ತದೆ

ಹೆಚ್ಚಿನವರಿಗೆ ಕಚ್ಚಿದ ಜಾಗದಲ್ಲಿ ಉರಿ, ನೋವು, ಊತ. ಕೆಲವರಿಗೆ ನೀರುಗುಳ್ಳೆ, ಚರ್ಮ ಕಪ್ಪಾಗಿ ಕೊಳೆಯುವುದು. ಅಷ್ಟಕ್ಕೇ ಮುಗಿಯುತ್ತದೆ. ಉಳಿದ ಕೆಲವರಲ್ಲಿ ವಿಷ ರಕ್ತಕ್ಕೆ ಸೇರಿ ಹೆಪ್ಪುಗಟ್ಟಿಸುವ ಅಂಶಗಳನ್ನು ಖಾಲಿ ಮಾಡುತ್ತದೆ. ಮೂತ್ರಪಿಂಡ ಕೆಡುವವರು ಇನ್ನೂ ಕಡಿಮೆ. ಶ್ರೀಲಂಕಾದ ಅಧ್ಯಯನಗಳಲ್ಲಿ ಹೆಚ್ಚೆಂದರೆ ನೂರಕ್ಕೆ ಹತ್ತರಷ್ಟು. ಆದರೆ ಸಾವುಗಳು ಬರುವುದು ಮುಖ್ಯವಾಗಿ ಆ ಗುಂಪಿನಿಂದಲೇ. ಕೆಲವರಲ್ಲಿ ಸೂಕ್ಷ್ಮ ರಕ್ತನಾಳಗಳೊಳಗೆ ಸಣ್ಣ ಹೆಪ್ಪುಗಳು ಕಟ್ಟಿಕೊಂಡು, ಕೆಂಪು ರಕ್ತಕಣಗಳು ಹರಿದು ಚೂರಾಗಿ, ಪ್ಲೇಟ್‌ಲೆಟ್ ಕುಸಿದು, ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ.

ಇಲ್ಲಿ ತಾಲ್ಲೂಕು ಆಸ್ಪತ್ರೆಗಳ ಒಂದು ಪರೀಕ್ಷೆಯನ್ನು ಹತ್ತಿರದಿಂದ ನೋಡಬೇಕು. ಹಾವು ಕಚ್ಚಿ ಬಂದವರ 2 ಮಿ.ಲೀ. ರಕ್ತವನ್ನು ಒಣಗಿದ, ಶುಭ್ರವಾದ ಗಾಜಿನ ಟ್ಯೂಬಿಗೆ ಹಾಕಿ, 20 ನಿಮಿಷ ಅಲುಗಾಡಿಸದೆ ನಿಲ್ಲಿಸಿ, ಆಮೇಲೆ ಒಮ್ಮೆ ಓರೆ ಮಾಡುತ್ತಾರೆ. ರಕ್ತ ಗಟ್ಟಿಯಾಗಿ ನಿಂತರೆ ಸರಿ, ನೀರಿನಂತೆ ಹರಿದರೆ ವಿಷವೇರಿದೆ ಎಂದರ್ಥ. ಯಂತ್ರ ಬೇಡ, ಕರೆಂಟು ಬೇಡ, ಅದಕ್ಕೇ ಇದು ದೊಡ್ಡ ಆಸರೆ. ಕೆಡುವುದು ಸಣ್ಣ ವಿಷಯಗಳಲ್ಲಿ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಮಾಡಿದರೆ ಆರೋಗ್ಯವಂತನ ರಕ್ತವೂ ಹೆಪ್ಪುಗಟ್ಟದೆ ಇರಬಹುದು, ಯಾಕೆಂದರೆ ಹೆಪ್ಪುಗಟ್ಟುವ ಕ್ರಿಯೆಗೆ ಚಾಲನೆ ಕೊಡುವುದೇ ಗಾಜಿನ ಮೇಲ್ಮೈ. ಸೋಪಿನಲ್ಲಿ ತೊಳೆದ ಗಾಜಿನಲ್ಲೂ ಅದೇ ಗತಿ. ಐದು ನಿಮಿಷಕ್ಕೊಮ್ಮೆ ಎತ್ತಿ ನೋಡುವ ಆತುರವೂ ಪರೀಕ್ಷೆ ಕೆಡಿಸುತ್ತದೆ.

ಸರಿಯಾಗಿ ಮಾಡಿದರೂ ಗುಳಿಮಂಡಲದ ವಿಷಯದಲ್ಲಿ ಇದು ಮೋಸ ಮಾಡಬಲ್ಲದು. ಇದರ ವಿಷ ರಕ್ತವನ್ನು ಕೆಡಿಸುವುದು ಕೊಳಕುಮಂಡಲದಷ್ಟು ತೀವ್ರವಾಗಿ ಅಲ್ಲ. ಹೆಪ್ಪುಗಟ್ಟುವ ಶಕ್ತಿ ಅರ್ಧಂಬರ್ಧ ಕುಂದಿದ್ದರೂ ಟ್ಯೂಬಿನಲ್ಲಿ ರಕ್ತ ಗಟ್ಟಿಯಾಗಿಬಿಡುತ್ತದೆ. ಪ್ರಯೋಗಾಲಯದಲ್ಲಿ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಪಿಟಿ, ಐಎನ್‌ಆರ್ ಮಾಡಿಸಿದರೆ ಮಾತ್ರ ಏರುಪೇರು ಕಾಣುತ್ತದೆ. ಟ್ಯೂಬು ನೋಡಿ ‘ವಿಷವಿಲ್ಲ’ ಎಂದು ಅಂದೇ ಮನೆಗೆ ಕಳಿಸಿದ ರೋಗಿ ಮೂರನೆಯ ದಿನ ಮುಖ ಊದಿಸಿಕೊಂಡು, ಮೂತ್ರ ನಿಂತು ವಾಪಸು ಬರುವುದು ಹೀಗೆ.

ಇನ್ನೊಂದು ತುದಿಯಲ್ಲಿ ಎಎಸ್‌ವಿಯ ಅತಿಬಳಕೆ ಇದೆ. ಸಾಮಾನ್ಯ ಕ್ರಮ ಮೊದಲು 8ರಿಂದ 10 ವಯಲ್, ಆರು ಗಂಟೆಯ ನಂತರವೂ ರಕ್ತ ಹೆಪ್ಪುಗಟ್ಟದಿದ್ದರೆ ಮತ್ತೆ ಕೊಡುವುದು. ಕೊಳಕುಮಂಡಲವಾದರೆ ಇದು ಸರಿ. ಗುಳಿಮಂಡಲವಾದರೆ ಎಷ್ಟು ಸುರಿದರೂ ಫಲವಿಲ್ಲ, ಅಪಾಯ ಮಾತ್ರ ಪೂರ್ತಿ ಇದೆ. ಎಎಸ್‌ವಿ ಕುದುರೆಯ ರಕ್ತದಿಂದ ತೆಗೆದ ಪ್ರೋಟೀನು. ಮೈಯೆಲ್ಲ ದದ್ದೇಳುವುದು, ಉಸಿರು ಕಟ್ಟುವುದು, ಬಿಪಿ ಕುಸಿಯುವುದು ಅಪರೂಪವಲ್ಲ. ಅದಕ್ಕಾಗಿಯೇ ವಯಸ್ಕರಿಗೆ ಸ್ನಾಯುವಿಗೆ ಚುಚ್ಚಲು 0.5 ಮಿ.ಗ್ರಾಂ. ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿಟ್ಟುಕೊಂಡೇ ಡ್ರಿಪ್ ಹಚ್ಚಬೇಕು ಎನ್ನುವುದು. ಮಲೆನಾಡಿನ ಆಸ್ಪತ್ರೆಯಲ್ಲಿ 20 ವಯಲ್ ಹೋದ ಮೇಲೂ ರಕ್ತ ಸರಿಯಾಗದಿದ್ದರೆ ಮತ್ತಷ್ಟು ತರಿಸುವ ಮೊದಲು ಹಾವು ಯಾವುದೆಂದು ಮತ್ತೆ ಕೇಳಬೇಕು.

ಹಾಗಾದರೆ ಖಚಿತವಾಗಿ ಗುಳಿಮಂಡಲವಾದವರಿಗೆ ಏನು ಮಾಡುವುದು? ಕನಿಷ್ಠ 24 ಗಂಟೆ ಉಳಿಸಿಕೊಳ್ಳಬೇಕು. ಗಂಟೆಗಂಟೆಯ ಮೂತ್ರ ಅಳೆಯಬೇಕು, ಕೆ.ಜಿ. ತೂಕಕ್ಕೆ ಗಂಟೆಗೆ 0.5 ಮಿ.ಲೀ.ಗಿಂತ ಕಡಿಮೆಯಾದರೆ, ಅಂದರೆ 60 ಕೆ.ಜಿ. ಮನುಷ್ಯನಿಗೆ 30 ಮಿ.ಲೀ.ಗಿಂತ ಇಳಿದರೆ, ಎಚ್ಚರಿಕೆಯ ಗಂಟೆ. ಐಎನ್‌ಆರ್, ಪ್ಲೇಟ್‌ಲೆಟ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ ಮೊದಲ ದಿನವೂ ಮರುದಿನವೂ ನೋಡಬೇಕು. ಪ್ಲೇಟ್‌ಲೆಟ್ ಇಳಿಯುತ್ತಿದ್ದರೆ ರಕ್ತದ ಲೇಪನವನ್ನು ಸೂಕ್ಷ್ಮದರ್ಶಕದಡಿ ಇಟ್ಟು ಹರಿದ ಕಣಗಳಿವೆಯೇ ಎಂದು ಹುಡುಕಬೇಕು. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೊಟ್ಟರೆ ವಿಷ ಮುಟ್ಟಿರುವ ಮೂತ್ರಪಿಂಡಕ್ಕೆ ಇನ್ನೊಂದು ಪೆಟ್ಟು, ರಕ್ತಸ್ರಾವಕ್ಕೂ ದಾರಿ. ಧನುರ್ವಾಯು ತಡೆಯುವ ಟಿಟಿ ಇಂಜೆಕ್ಷನ್ ರಕ್ತ ಸರಿಯಾಗಿದೆ ಎಂದು ಖಾತರಿಯಾದ ಮೇಲೆ. ಇಷ್ಟೂ ಜಿಲ್ಲಾ ಆಸ್ಪತ್ರೆಯ ಅಳವಿನಲ್ಲಿರುವುದೇ, ಡಯಾಲಿಸಿಸ್ ಸಮೇತ. ಹೊತ್ತಿಗೆ ಸರಿಯಾಗಿ ಡಯಾಲಿಸಿಸ್ ಸಿಕ್ಕವರಲ್ಲಿ ಬಹಳಷ್ಟು ಜನರ ಮೂತ್ರಪಿಂಡ ಚೇತರಿಸಿಕೊಳ್ಳುತ್ತದೆ.

ಪ್ರತಿವಿಷ ಯಾಕಿಲ್ಲ? ದೇಶದ ಎಎಸ್‌ವಿ ತಯಾರಿಕೆಗೆ ಬೇಕಾದ ವಿಷದ ಬಹುಪಾಲು ಬರುವುದು ತಮಿಳುನಾಡಿನಲ್ಲಿ ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದ ಆ ಸಂಘ ಸಂಗ್ರಹಿಸುವುದು ಆ ನಾಲ್ಕು ಹಾವುಗಳ ವಿಷ. ಕುದುರೆಗಳಿಗೆ ಚುಚ್ಚುವುದೂ ಅದನ್ನೇ. ಗುಳಿಮಂಡಲ ಬೇರೆ ಶಾಖೆಯ ಹಾವು. ಅದರ ಹತ್ತಿರದ ಬಂಧು ಆಗ್ನೇಯ ಏಷ್ಯಾದ ಮಲಯನ್ ಗುಳಿಮಂಡಲ. ಆ ಹಾವಿಗೆಂದು ಥಾಯ್ಲೆಂಡಿನಲ್ಲಿ ತಯಾರಾಗುವ ಪ್ರತಿವಿಷ ನಮ್ಮ ಗುಳಿಮಂಡಲದ ವಿಷವನ್ನೂ ತಡೆಯುತ್ತದೆಂದು 2011ರಲ್ಲಿ ಇಲಿಗಳ ಮೇಲಿನ ಪ್ರಯೋಗ ತೋರಿಸಿತು. ಶ್ರೀಲಂಕಾಕ್ಕಾಗಿ ಕೋಸ್ಟರಿಕಾದ ಕ್ಲೊಡೊಮಿರೊ ಪಿಕಾಡೊ ಸಂಸ್ಥೆಯಲ್ಲಿ ತಯಾರಿಸಿದ ಪ್ರಾಯೋಗಿಕ ಪ್ರತಿವಿಷದಲ್ಲಿ ಈ ಹಾವಿನ ವಿಷವನ್ನೂ ಸೇರಿಸಿಕೊಂಡರು. ಅಂದರೆ ತಾಂತ್ರಿಕವಾಗಿ ಆಗದ ಕೆಲಸವಲ್ಲ. ಕಚ್ಚಿಸಿಕೊಂಡವರ ಸಂಖ್ಯೆ ದಾಖಲಾಗದೆ ಬೇಡಿಕೆ ಎಷ್ಟೆಂದು ತಯಾರಕರಿಗೆ ತೋರಿಸಲಾಗದು, ಬೇಡಿಕೆ ಕಾಣದ ಔಷಧಿಗೆ ಯಾರೂ ಕುದುರೆ ಕಟ್ಟುವುದಿಲ್ಲ. ನಮ್ಮ ಮಟ್ಟಿಗೆ ಅಸಲಿ ಗಂಟು ಇರುವುದು ಇಲ್ಲಿಯೇ. ಕಡ್ಡಾಯ ವರದಿಯಲ್ಲಿ ಬರೀ ‘ಹಾವು ಕಡಿತ’ ಎಂದು ಬರೆದರೆ ಗುಳಿಮಂಡಲ ಮತ್ತೆ ಲೆಕ್ಕಕ್ಕೆ ಸಿಗುವುದಿಲ್ಲ. ಹಾವಿನ ಜಾತಿ, ಗುರುತಿಸಿದ್ದು ಹೇಗೆ, ಫೋಟೊ ಇದೆಯೇ, ಎಷ್ಟು ವಯಲ್ ಕೊಟ್ಟರು, ಫಲ ಸಿಕ್ಕಿತೇ ಎಂಬ ಐದು ಅಂಶಗಳು ಪ್ರತಿ ವರದಿಯಲ್ಲೂ ಇರಬೇಕು.

ತೋಟದ ಕೆಲಸದಲ್ಲಿ ಯಾರ ಕೈ, ಯಾರ ಕಾಲು

ಈ ಹಾವು ಮೇಲಕ್ಕೆ ಹಾರಿ ಕಚ್ಚುವುದಿಲ್ಲ. ತುಳಿದ ಪಾದಕ್ಕೆ, ದರಗಿಗೆ ಹಾಕಿದ ಕೈಗೆ ಕಚ್ಚುತ್ತದೆ. ಅಪಾಯ ಯಾವ ಕೆಲಸದಲ್ಲಿ ಎಂದು ಇದರಿಂದಲೇ ಗೊತ್ತಾಗುತ್ತದೆ. ಏಲಕ್ಕಿಯ ಶರ, ಅಂದರೆ ಕಾಯಿ ಬಿಡುವ ಕವಲು, ಗಿಡದ ಬುಡದಿಂದ ಹೊರಟು ನೆಲದ ಮೇಲೆಯೇ ಹರಡುತ್ತದೆ. ಕಾಯಿ ಬಿಡಿಸುವವರು ಕುಕ್ಕರಗಾಲಲ್ಲಿ ಕೂತು ಬುಡದ ಎಲೆಗಳೊಳಗೆ ಬೆರಳು ತೂರಿಸಲೇಬೇಕು. ಕಾಫಿಯಲ್ಲಿ ಕಾಯಿಕೊರಕದ ಹಾವಳಿ ತಡೆಯಲು ಕೊಯ್ಲಾದ ಮೇಲೆ ನೆಲಕ್ಕೆ ಉದುರಿದ ಹಣ್ಣನ್ನೆಲ್ಲ ಹೆಕ್ಕಬೇಕು. ಹೆಕ್ಕದಿದ್ದರೆ ಹುಳು ಮುಂದಿನ ಫಸಲಿಗೆ ದಾಟುತ್ತದೆ. ರಬ್ಬರ್ ಗೀರುವವರು ಬೆಳಕು ಹರಿಯುವ ಮೊದಲೇ ಸಾಲು ಹಿಡಿಯುತ್ತಾರೆ. ಸೊಪ್ಪಿನ ಬೆಟ್ಟದಿಂದ ದರಗು ಗುಡಿಸಿ ತರುವವರು ಹಾವಿನ ಮನೆಯನ್ನೇ ತೋಳಲ್ಲಿ ತಬ್ಬಿ ಬುಟ್ಟಿಗೆ ತುಂಬುತ್ತಾರೆ. ಇವುಗಳಲ್ಲಿ ಹೆಚ್ಚಿನವು ಕೂಲಿಯವರ ಕೆಲಸ, ಅದರಲ್ಲೂ ಹೆಂಗಸರ ಕೆಲಸ. ರಕ್ಷಣೆಯ ಖರ್ಚು ತೋಟದ ಮಾಲೀಕರದೇ ಆಗಬೇಕು, ಕೂಲಿಯಿಂದ ಹಿಡಿದುಕೊಳ್ಳುವುದು ಅನ್ಯಾಯ.

ಪಾದಕ್ಕೆ ಮೊಣಕಾಲಿನ ಕೆಳಗಿನವರೆಗೆ ಬರುವ ದಪ್ಪ ರಬ್ಬರಿನ ಗಮ್ ಬೂಟು. ಇಷ್ಟು ಸಣ್ಣ ಹಾವಿನ ವಿಷದ ಹಲ್ಲು ಅದನ್ನು ದಾಟುವುದು ಕಷ್ಟ. ಕೈಗೆ ಗ್ಲೌಸ್ ಎಂದು ಹೇಳುವುದು ಸುಲಭ, ಆದರೆ ದಪ್ಪ ಗ್ಲೌಸ್ ಹಾಕಿ ಏಲಕ್ಕಿ ಬಿಡಿಸಲಾಗುವುದಿಲ್ಲ, ಮಧ್ಯಾಹ್ನದೊಳಗೆ ಬಿಚ್ಚಿ ಎಸೆಯುತ್ತಾರೆ. ಮೊಳದುದ್ದದ ಕವಲುಕೋಲು ಹೆಚ್ಚು ಉಪಯೋಗಕ್ಕೆ ಬರುತ್ತದೆ: ಪ್ರತಿ ಬುಡದಲ್ಲೂ ಕೈ ಹಾಕುವ ಮೊದಲು ಕೋಲಿನಿಂದ ಎಲೆಗಳನ್ನು ಪಕ್ಕಕ್ಕೆ ಸರಿಸಿ ನೋಡುವುದು. ಸುಮ್ಮನೆ ಬಡಿದರೆ ಸಾಲದು, ಸದ್ದಿಗೆ ಈ ಹಾವು ಜಾಗ ಬಿಡುವುದಿಲ್ಲ. ದರಗನ್ನು ಕೈಯಿಂದ ಬಾಚದೆ ಹಲ್ಲುಕೋಲಿನಿಂದ ಎಳೆಯಬೇಕು. ಕೂಲಿಯವರು ವಾಸಿಸುವ ಲೈನ್ ಮನೆಗಳ ಬಾಗಿಲಿನಿಂದ ಶೌಚಾಲಯದವರೆಗಿನ ದಾರಿಯಲ್ಲಿ ಎರಡೂ ಬದಿಗೆ ಒಂದೊಂದು ಮೀಟರ್ ಎಲೆ ಗುಡಿಸಿ ಬೋಳು ಇಟ್ಟು, ಒಂದು ದೀಪ ಹಾಕಿಸಿದರೆ ಮುಸ್ಸಂಜೆಯ ಕಡಿತಗಳು ಇಳಿಯುತ್ತವೆ. ಸೌದೆ, ಅಡಿಕೆಹಾಳೆ, ಗೋಣಿಚೀಲದ ರಾಶಿ ಗೋಡೆಗೆ ತಾಗಿ ಇರಬಾರದು.

ಹಾವಿನ ಭಯಕ್ಕೆ ಇಡೀ ತೋಟದ ದರಗನ್ನು ಬಾಚಿ ಸುಡುವುದು ಮಾತ್ರ ಬೇಡ. ನೆಲದ ತೇವ, ಮಣ್ಣಿನ ಸಾರ, ಗಿಡದ ಬೇರು ಎಲ್ಲಕ್ಕೂ ಹೊದಿಕೆ ಅದೇ. ಹಾವು ಪಕ್ಕದ ತೋಟಕ್ಕೋ ಮನೆಯಂಗಳದ ಕಸದ ಗುಂಡಿಗೋ ಸರಿಯುತ್ತದೆ, ಅಷ್ಟೇ.

ಕಚ್ಚಿದರೆ ಮಾಡಬೇಕಾದದ್ದು ಕಡಿಮೆ. ಉಂಗುರ, ಬಳೆ, ಕಾಲುಂಗುರ, ಗಡಿಯಾರ ಊತ ಬರುವ ಮೊದಲೇ ಬಿಚ್ಚಬೇಕು. ಕೈಕಾಲಿಗೆ ಮರದ ಪಟ್ಟಿ ಕೊಟ್ಟು, ಮುರಿದ ಮೂಳೆಗೆ ಕಟ್ಟಿದಂತೆ ಅಲುಗದ ಹಾಗೆ ಇಟ್ಟು, ನಡೆಸದೆ ಹೊತ್ತುಕೊಂಡೋ ವಾಹನದಲ್ಲೋ ಆಸ್ಪತ್ರೆಗೆ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಹೀರುವುದು, ಐಸ್ ಇಡುವುದು ಬೇಡ. ಮಂಡಲಗಳ ವಿಷ ಕಚ್ಚಿದ ಜಾಗವನ್ನೇ ಕೊಳೆಸುವಂಥದ್ದು, ಬಿಗಿದು ಕಟ್ಟಿದರೆ ಬೆರಳೋ ಪಾದವೋ ಹೋಗುತ್ತದೆ. ಕಚ್ಚಿದ ಗಂಟೆ ಬರೆದುಕೊಳ್ಳಿ, ಊತ ಎಲ್ಲಿವರೆಗೆ ಬಂದಿದೆಯೆಂದು ಪೆನ್ನಿನಲ್ಲಿ ಗೆರೆ ಹಾಕಿ ಪಕ್ಕದಲ್ಲಿ ಸಮಯ ನಮೂದಿಸಿ. ವೈದ್ಯರಿಗೆ ಆ ಗೆರೆ ಬಹಳ ಹೇಳುತ್ತದೆ.

ಬಿಡುಗಡೆಯಾದ ಮೇಲಿನ ಒಂದು ವಾರ ಎಲ್ಲರೂ ಮರೆಯುವ ಘಟ್ಟ. ಎರಡು ಮೂರು ದಿನ ಬಿಟ್ಟು ಕ್ರಿಯೇಟಿನಿನ್ ಮತ್ತು ಪ್ಲೇಟ್‌ಲೆಟ್ ಪರೀಕ್ಷೆಗೆ ಬರಲೇಬೇಕೆಂದು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಬೇಕು, ಆ ದಿನದ ಕೂಲಿ ಕಡಿಯುವುದಿಲ್ಲವೆಂದು ತೋಟದವರು ಮೊದಲೇ ಹೇಳಬೇಕು. ಅಷ್ಟರೊಳಗೆ ಮೂತ್ರ ಕಡಿಮೆಯಾದರೆ, ಬಣ್ಣ ಕಪ್ಪು ಚಹಾದಂತಾದರೆ, ಕಣ್ಣ ಸುತ್ತ ಬಾವು ಬಂದರೆ, ಒಸಡಿನಲ್ಲಿ ರಕ್ತ ಕಂಡರೆ ಆ ದಿನಕ್ಕಾಗಿ ಕಾಯದೆ ಡಯಾಲಿಸಿಸ್ ಇರುವ ಆಸ್ಪತ್ರೆಗೇ ನೇರ ಹೋಗಬೇಕು.